ಕಡ್ಡಿಯ ಮೇಲೆ ಉಳಿದ ಕುಣಿಕೆಗಳು

ಹೆಣಿಗೆಯನ್ನು ಕಲಿಸುವ ಪುಸ್ತಕಗಳು ಕಡ್ಡಿಯ ಮೇಲೆ ಮೊದಲ ಸಾಲಿನ ಕುಣಿಕೆಗಳನ್ನು ಹಾಕುವ ಕ್ರಮವನ್ನೂ ಕೊನೆಯ ಸಾಲನ್ನು ಮುಚ್ಚುವ ಕ್ರಮವನ್ನೂ ವಿಸ್ತಾರವಾಗಿ ವಿವರಿಸುತ್ತವೆಯಾದರೂ, ನಡುವೆ ನಿಂತುಹೋದ ಕೆಲಸವನ್ನು ತಿಂಗಳುಗಳ ನಂತರ ಮತ್ತೆ ಕೈಗೆತ್ತಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಸಿಗುವ ಜಾಗ ತೀರ ಕಡಿಮೆ. ಹೆಣೆಯುವವರ ಮನೆಗಳ ವಾಸ್ತವ ಇದಕ್ಕಿಂತ ಭಿನ್ನವಾದುದು. ಯೂರೋಪು ಮತ್ತು ಉತ್ತರ ಅಮೆರಿಕದಂತಹ ಶೀತದೇಶಗಳಲ್ಲಿ ಚಳಿಗಾಲದ ಆರಂಭದಲ್ಲಿ ಉತ್ಸಾಹದಿಂದ ಶುರುವಾದ ಸ್ವೆಟರು, ಶಾಲು, ಕಾಲುಚೀಲಗಳಲ್ಲಿ ಹಲವು ಫೆಬ್ರವರಿಯ ಹೊತ್ತಿಗೆ ಚೀಲದೊಳಗೆ ಸೇರಿರುತ್ತವೆ. ಮಾರ್ಚಿಯಲ್ಲಿ ಹಗಲು ಉದ್ದವಾಗತೊಡಗಿದಾಗ ಆ ಚೀಲಗಳು ಮತ್ತೆ ಹೊರಬರುತ್ತವೆ. ಹೀಗೆ ಮರಳುವುದು ಆರಂಭಿಸುವ ಕೌಶಲದ ಪುನರಾವರ್ತನೆಯಲ್ಲ. ಅದು ಬಟ್ಟೆಯನ್ನು ಓದುವ ಕೌಶಲ, ಅಂದರೆ ಎಲ್ಲಿ ನಿಲ್ಲಿಸಲಾಗಿತ್ತು, ಯಾವ ಕಡ್ಡಿಯಿಂದ, ಎಷ್ಟು ಬಿಗಿಯಾಗಿ, ಯಾವ ಲೆಕ್ಕದಲ್ಲಿ ಹೆಣೆಯಲಾಗಿತ್ತು ಎಂಬುದನ್ನು ನೆನಪಿನಿಂದಲ್ಲದೆ ನೂಲಿನಿಂದಲೇ ತಿಳಿದುಕೊಳ್ಳುವ ಸಾಮರ್ಥ್ಯ.

ಮರಳುವಿಕೆ ವಸಂತದಲ್ಲೇ ಆಗುವುದಕ್ಕೆ ಬೆಳಕು ಒಂದು ಸರಳ ಕಾರಣ. ಎಡಿನ್‌ಬರೋದಂತಹ ಉತ್ತರದ ನಗರದಲ್ಲಿ ಡಿಸೆಂಬರಿನ ಕೊನೆಯ ಭಾಗದ ಹಗಲು ಸುಮಾರು 7 ಗಂಟೆಗಳದ್ದು. ಮಾರ್ಚಿಯ ವಿಷುವದ ಹೊತ್ತಿಗೆ ಅದು 12 ಗಂಟೆಗೇರುತ್ತದೆ. ಕಪ್ಪು, ಕಡುನೀಲಿ, ಕಂದುಬಣ್ಣದ ಉಣ್ಣೆಯಲ್ಲಿ ಒಂದು ಕುಣಿಕೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದು ಸಂಜೆಯ ದೀಪದಲ್ಲಿ ಕಾಣುವುದೇ ಇಲ್ಲವಾದ್ದರಿಂದ, ತಪ್ಪು ಹುಡುಕುವ, ಸಾಲು ಎಣಿಸುವ, ಜಾರಿದ ಕುಣಿಕೆಯನ್ನು ಎತ್ತುವ ಕೆಲಸಗಳೆಲ್ಲ ಹಗಲಿಗಾಗಿ ಕಾದಿರುತ್ತವೆ. ಇನ್ನೊಂದು ಕಾರಣ ಮನಸ್ಸಿಗೆ ಸೇರಿದ್ದು. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಎಂಬ ಮನೋವಿಜ್ಞಾನಿಯ ಇಬ್ಬರು ವಿದ್ಯಾರ್ಥಿನಿಯರು ಅಪೂರ್ಣ ಕೆಲಸಗಳ ಕುರಿತು ಪ್ರಯೋಗ ನಡೆಸಿದರು. ಮುಗಿಯದ ಕೆಲಸ ಮುಗಿದ ಕೆಲಸಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಹೇಳಿದ್ದು ಹೆಚ್ಚು ಪ್ರಸಿದ್ಧವಾಯಿತಾದರೂ, ನಂತರದ ಪ್ರಯೋಗಗಳು ಅದನ್ನು ಒಂದೇ ರೀತಿಯಲ್ಲಿ ಸಮರ್ಥಿಸಲಿಲ್ಲ. ಮರಿಯಾ ಓವ್ಸಿಯಾಂಕಿನಾ 1928ರಲ್ಲಿ ಪ್ರಕಟಿಸಿದ ಫಲಿತಾಂಶ ಹೆಣಿಗೆಗೆ ಹೆಚ್ಚು ಹತ್ತಿರವಾದುದು: ನಡುವೆ ತಡೆಯಲ್ಪಟ್ಟ ಕೆಲಸವನ್ನು, ಯಾರೂ ಹೇಳದಿದ್ದರೂ, ಯಾವ ಪ್ರತಿಫಲವೂ ಇಲ್ಲದಿದ್ದರೂ, ಹೆಚ್ಚಿನ ಜನ ಅವಕಾಶ ಸಿಕ್ಕೊಡನೆ ತಾವಾಗಿ ಮುಂದುವರಿಸಿದರು. ಆ ಪ್ರಯೋಗಗಳ ಅಡ್ಡಿ ನಿಮಿಷಗಳದ್ದು, ಸ್ವೆಟರಿನ ಅಡ್ಡಿ ತಿಂಗಳುಗಳದ್ದು ಎಂಬ ವ್ಯತ್ಯಾಸವನ್ನು ಮರೆಯಬಾರದು. ಮನಸ್ಸಿನ ಸೆಳೆತ ಅಷ್ಟು ಕಾಲ ಉಳಿದರೂ ಕೈಗೆ ಗೊತ್ತಿದ್ದ ವಿವರ ಉಳಿಯುವುದಿಲ್ಲ, ಸಮಸ್ಯೆ ಹುಟ್ಟುವುದೇ ಅಲ್ಲಿ.

ಕೆಲಸ ನಿಲ್ಲುವ ಜಾಗಗಳೂ ಆಕಸ್ಮಿಕವಲ್ಲ. ಹೆಣೆಯುವವರು ‘ಎರಡನೇ ಕಾಲುಚೀಲದ ಕಾಯಿಲೆ’ ಎಂದು ಕರೆಯುವ ಒಂದು ಸ್ಥಿತಿಯಿದೆ: ಮೊದಲ ಕಾಲುಚೀಲ ಮುಗಿದಾಗ ಕುತೂಹಲವೂ ಮುಗಿದುಹೋಗಿ, ಅದೇ ಕೆಲಸವನ್ನು ಮೊದಲಿನಿಂದ ಮಾಡಬೇಕೆಂಬ ಭಾರಕ್ಕೆ ಜೋಡಿ ಪೂರ್ಣವಾಗದೆ ಉಳಿಯುತ್ತದೆ. ಸ್ವೆಟರುಗಳು ಮೈಭಾಗ ಮುಗಿದು ತೋಳುಗಳ ಸರದಿ ಬಂದಾಗ, ಶಾಲುಗಳು ಸಾಲು ಉದ್ದವಾಗುತ್ತ ಹೋಗಿ ಒಂದು ಸಂಜೆಗೆ ನಾಲ್ಕು ಸಾಲೂ ಸಾಗದ ಹಂತದಲ್ಲಿ, ಬಿಡಿ ಭಾಗಗಳಲ್ಲಿ ಹೆಣೆದ ಬಟ್ಟೆಗಳು ಜೋಡಿಸುವ ಹಂತದಲ್ಲಿ ನಿಲ್ಲುತ್ತವೆ.

ಮರಳುವವರು ಎದುರಿಸುವ ಕಷ್ಟದ ಸ್ವರೂಪ ಹೆಣಿಗೆಯಲ್ಲಿ ಒಂದು, ಕ್ರೋಶಾದಲ್ಲಿ ಇನ್ನೊಂದು. ಈ ಎರಡು ಕಲೆಗಳ ರಚನೆಯಲ್ಲೇ ಅದರ ಬೇರು ಇದೆ. ಎರಡು ಕಡ್ಡಿಗಳಿಂದ ಮಾಡುವ ಹೆಣಿಗೆಯಲ್ಲಿ ಬಟ್ಟೆಯ ಅಗಲಕ್ಕೆ ಎಷ್ಟು ಕುಣಿಕೆಗಳಿವೆಯೋ ಅಷ್ಟೂ ಏಕಕಾಲಕ್ಕೆ ತೆರೆದೇ ಇರುತ್ತವೆ, ಕಡ್ಡಿಯೊಂದೇ ಅವುಗಳನ್ನು ಹಿಡಿದಿಟ್ಟಿರುತ್ತದೆ. ಕಡ್ಡಿ ಜಾರಿದರೆ ಒಂದು ಕುಣಿಕೆ ತನ್ನ ಕೆಳಗಿನ ಕುಣಿಕೆಯಿಂದ ಹೊರಬಂದು, ಅದು ಅದರ ಕೆಳಗಿನದರಿಂದ ಹೊರಬಂದು, ಏಣಿಯ ಮೆಟ್ಟಿಲುಗಳಂತಹ ಅಡ್ಡ ಎಳೆಗಳನ್ನು ಬಿಡುತ್ತ ಬುಡದವರೆಗೂ ಇಳಿಯಬಲ್ಲದು. ಒಂದೇ ಕೊಕ್ಕೆಕಡ್ಡಿಯಿಂದ ಮಾಡುವ ಕ್ರೋಶಾದಲ್ಲಿ ಪ್ರತಿಯೊಂದು ಕುಣಿಕೆಯನ್ನೂ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕಾದ್ದರಿಂದ ಸಾಮಾನ್ಯವಾಗಿ ಒಂದೇ ಒಂದು ಕುಣಿಕೆ ತೆರೆದಿರುತ್ತದೆ, ಅದಕ್ಕೊಂದು ಪಿನ್ನು ಸಿಕ್ಕಿಸಿದರೆ ಕೆಲಸ ವರ್ಷಗಟ್ಟಲೆ ಸುರಕ್ಷಿತ. ಆದ್ದರಿಂದ ಮರಳುವಾಗ ಹೆಣಿಗೆಯಲ್ಲಿ ಮೊದಲು ನೋಡಬೇಕಾದ್ದು ಕುಣಿಕೆಗಳು ಎಲ್ಲವೂ ಕಡ್ಡಿಯ ಮೇಲಿವೆಯೇ ಎಂಬುದನ್ನು, ಕ್ರೋಶಾದಲ್ಲಿ ಮೊದಲು ನೋಡಬೇಕಾದ್ದು ಸಾಲಿನ ಲೆಕ್ಕ ಸರಿಯಿದೆಯೇ ಎಂಬುದನ್ನು.

ಕ್ರೋಶಾದ ಲೆಕ್ಕ ತಪ್ಪುವುದು ಬಹುತೇಕ ಅಂಚಿನಲ್ಲಿ. ಹೊಸ ಸಾಲಿಗೆ ತಿರುಗುವಾಗ ಎತ್ತರ ಪಡೆಯಲು ಎರಡು ಅಥವಾ ಮೂರು ಚೈನ್ ಕುಣಿಕೆಗಳನ್ನು ಹಾಕಲಾಗುತ್ತದೆ, ಕಂಬದಂತೆ ಎತ್ತರವಾಗಿ ನಿಲ್ಲುವ ಹೆಣಿಗೆಗಳಲ್ಲಿ ಆ ಚೈನನ್ನೇ ಸಾಲಿನ ಮೊದಲ ಕಂಬವೆಂದು ಎಣಿಸುವ ರೂಢಿಯಿದೆ. ಬಿಟ್ಟ ಕೆಲಸಕ್ಕೆ ಮರಳಿದವರು ಈ ರೂಢಿಯನ್ನು ಮರೆತು ಹಿಂದಿನ ಸಾಲಿನ ಚೈನಿನ ತಲೆಯ ಮೇಲೆ ಕೊನೆಯ ಕಂಬವನ್ನು ಹಾಕದಿದ್ದರೆ ಪ್ರತಿ ಸಾಲಿಗೆ ಒಂದೊಂದು ಕುಣಿಕೆ ಕಡಿಮೆಯಾಗಿ, ಆಯತವಾಗಬೇಕಾದ ಹೊದಿಕೆ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಮಾದರಿಯ ಭಾಷೆಯೂ ದಾರಿ ತಪ್ಪಿಸಬಲ್ಲದು. ಅಮೆರಿಕದ ಮಾದರಿಗಳಲ್ಲಿ ‘ಸಿಂಗಲ್’ ಎನ್ನುವ ಹೆಣಿಗೆಯೇ ಬ್ರಿಟನ್ನಿನ ಮಾದರಿಗಳಲ್ಲಿ ‘ಡಬಲ್’, ಅಮೆರಿಕದ ‘ಡಬಲ್’ ಬ್ರಿಟನ್ನಿನ ‘ಟ್ರೆಬಲ್’ ಆಗಿರುವುದರಿಂದ, ಶರತ್ಕಾಲದಲ್ಲಿ ಒಂದು ಅರ್ಥದಲ್ಲಿ ಓದಿದ ಸಾಲನ್ನು ವಸಂತದಲ್ಲಿ ಇನ್ನೊಂದು ಅರ್ಥದಲ್ಲಿ ಓದಿದರೆ ಒಂದೇ ಬಟ್ಟೆಯಲ್ಲಿ ಎರಡು ಎತ್ತರದ ಸಾಲುಗಳು ಕಾಣಿಸಿಕೊಳ್ಳುತ್ತವೆ. ಹಳೆಯ ಸಾಲುಗಳನ್ನು ಮುಟ್ಟಿ ನೋಡಿ, ಕಂಬದ ಎತ್ತರದಿಂದಲೇ ಯಾವುದನ್ನು ಬಳಸಲಾಗಿತ್ತು ಎಂದು ತಿಳಿಯುವುದು ಕಾಗದದ ಮೇಲಿನ ಪದವನ್ನು ನಂಬುವುದಕ್ಕಿಂತ ಕ್ಷೇಮ.

ಹೆಣಿಗೆಯಲ್ಲಿ ಸಾಲಿನ ನಡುವೆಯೇ ಕೆಲಸ ನಿಂತಿದ್ದರೆ ಯಾವ ದಿಕ್ಕಿಗೆ ಹೋಗಬೇಕು ಎಂಬುದೇ ಗೊಂದಲ. ಇದಕ್ಕೆ ನೂಲೇ ಉತ್ತರ ಕೊಡುತ್ತದೆ: ಉಂಡೆಗೆ ಸೇರಿದ ಎಳೆ ಯಾವ ಕಡ್ಡಿಯ ತುದಿಯಲ್ಲಿರುವ ಕುಣಿಕೆಯಿಂದ ಹೊರಟಿದೆಯೋ ಆ ಕಡ್ಡಿ, ಬಲಗೈ ರೂಢಿಯವರಲ್ಲಿ, ಬಲಗೈಯಲ್ಲಿರಬೇಕು. ಇದನ್ನು ಗಮನಿಸದೆ ತಿರುಗಿಸಿ ಹಿಡಿದರೆ ಅರ್ಧ ಸಾಲು ಮಾತ್ರ ಎರಡು ಸಾಲಿನಷ್ಟು ಎತ್ತರವಾಗಿ, ತಿರುಗಿದ ಜಾಗದಲ್ಲಿ ಸಣ್ಣ ರಂಧ್ರ ಉಳಿಯುತ್ತದೆ. ಸಾಲುಗಳ ಎಣಿಕೆಗೂ ಬಟ್ಟೆಯೇ ಆಧಾರ. ಎಲ್ಲ ಸಾಲುಗಳನ್ನೂ ಸೀದಾ ಹೆಣೆದ ಬಟ್ಟೆಯಲ್ಲಿ ಕಾಣುವ ಒಂದೊಂದು ಉಬ್ಬು ಏಣು ಎರಡೆರಡು ಸಾಲುಗಳಿಗೆ ಸಮ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯ ನುಣುಪು ಮುಖದಲ್ಲಿ ಕಾಣುವ ಇಂಗ್ಲಿಷ್ ‘ವಿ’ ಆಕಾರದ ಒಂದೊಂದು ಗುರುತು ಒಂದೊಂದು ಸಾಲಿಗೆ ಸಮ. ಕಡ್ಡಿಯ ಮೇಲಿರುವ ಕುಣಿಕೆಗಳನ್ನೂ ಒಂದು ಸಾಲೆಂದೇ ಎಣಿಸಬೇಕು, ಆರಂಭದ ಅಂಚನ್ನು ಸಾಮಾನ್ಯವಾಗಿ ಎಣಿಸಬಾರದು.

ಬಟ್ಟೆಯನ್ನು ಓದುವ ಈ ಕಲೆಗೆ ಅತ್ಯಂತ ಸುಂದರ ಉದಾಹರಣೆ ಎಲಿಜಬೆತ್ ಝಿಮ್ಮರ್‌ಮನ್ ರೂಪಿಸಿದ ‘ಪೈ ಶಾಲು’. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿ, 1999ರಲ್ಲಿ ತೀರಿಕೊಂಡ ಝಿಮ್ಮರ್‌ಮನ್, ಮಾದರಿಯನ್ನು ಕುರುಡಾಗಿ ಅನುಸರಿಸುವ ಬದಲು ಅದರ ಹಿಂದಿನ ಲೆಕ್ಕವನ್ನು ಅರ್ಥಮಾಡಿಕೊಳ್ಳುವಂತೆ ಒಂದು ತಲೆಮಾರಿನ ಹೆಣೆಯುವವರಿಗೆ ಕಲಿಸಿದ ಲೇಖಕಿ. 1974ರಲ್ಲಿ ಪ್ರಕಟವಾದ ಅವರ ‘ನಿಟರ್ಸ್ ಆಲ್ಮನಾಕ್’ ವರ್ಷದ ಹನ್ನೆರಡು ತಿಂಗಳುಗಳಿಗೆ ಹನ್ನೆರಡು ಅಧ್ಯಾಯಗಳನ್ನು ಹಂಚಿಕೊಟ್ಟಿತು. ಅದರಲ್ಲಿ ಫೆಬ್ರವರಿಗೆ ಶಿಶುಗಳ ಉಡುಪು, ಮೇ ತಿಂಗಳಿಗೆ ಮುಂದಿನ ಚಳಿಗಾಲದ ಕೈಗವಸುಗಳು, ಜುಲೈಗೆ ಈ ದುಂಡು ಶಾಲು ಸೇರಿವೆ. ಹೆಣಿಗೆ ಚಳಿಯೊಡನೆ ಮುಗಿಯುವ ಕೆಲಸವಲ್ಲ ಎಂಬ ನಿಲುವು ಆ ಪುಸ್ತಕದ ವಿನ್ಯಾಸದಲ್ಲೇ ಅಡಗಿದೆ.

ಪೈ ಶಾಲಿನ ಲೆಕ್ಕ ಶಾಲೆಯ ರೇಖಾಗಣಿತದ್ದು. ವೃತ್ತದ ತ್ರಿಜ್ಯ ಇಮ್ಮಡಿಯಾದಾಗ ಪರಿಧಿಯೂ ಇಮ್ಮಡಿಯಾಗುತ್ತದೆ. ಆದ್ದರಿಂದ ನಡುವಿನಿಂದ ಹೊರಕ್ಕೆ ದುಂಡಗೆ ಹೆಣೆಯುವ ಶಾಲಿನಲ್ಲಿ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಕುಣಿಕೆಗಳನ್ನು ಸೇರಿಸುವ ಬದಲು, ತ್ರಿಜ್ಯ ಇಮ್ಮಡಿಯಾದ ಕಡೆಗಳಲ್ಲಿ ಮಾತ್ರ ಎಲ್ಲ ಕುಣಿಕೆಗಳನ್ನೂ ಒಮ್ಮೆಗೇ ಇಮ್ಮಡಿಗೊಳಿಸಿ, ನಡುವಿನ ಸುತ್ತುಗಳನ್ನು ಯಾವ ಹೆಚ್ಚಳವೂ ಇಲ್ಲದೆ ಹೆಣೆಯಬಹುದು. 9 ಕುಣಿಕೆಗಳಿಂದ ಹೊರಟ ಶಾಲು 18, 36, 72, 144, 288, 576 ಹೀಗೆ ಬೆಳೆಯುತ್ತದೆ. 18 ಕುಣಿಕೆಗಳಾದ ಮೇಲೆ 3 ಸುತ್ತು, 36ರ ಮೇಲೆ 6, 72ರ ಮೇಲೆ 12, 144ರ ಮೇಲೆ 24, 288ರ ಮೇಲೆ 48 ಸುತ್ತುಗಳನ್ನು ಸರಳವಾಗಿ ಹೆಣೆಯಲಾಗುತ್ತದೆ. ಇಮ್ಮಡಿಗೊಳಿಸುವ ಸುತ್ತಿನಲ್ಲಿ ಪ್ರತಿ ಕುಣಿಕೆಯ ಪಕ್ಕದಲ್ಲೂ ನೂಲನ್ನು ಕಡ್ಡಿಯ ಮೇಲೆ ಒಮ್ಮೆ ಸುತ್ತಿಕೊಳ್ಳುವುದರಿಂದ ಅಲ್ಲಿ ಸಣ್ಣ ರಂಧ್ರಗಳ ಉಂಗುರವೊಂದು ಮೂಡುತ್ತದೆ. ಈ ಶಾಲನ್ನು ಒಂದು ವರ್ಷ ಚೀಲದಲ್ಲಿಟ್ಟು ತೆಗೆದರೂ, ಟಿಪ್ಪಣಿಯ ಚೀಟಿ ಕಳೆದುಹೋಗಿದ್ದರೂ, ಉಂಗುರಗಳನ್ನು ಎಣಿಸಿದರೆ ಸಾಕು: ಐದು ಉಂಗುರಗಳಿದ್ದರೆ ಕಡ್ಡಿಯ ಮೇಲೆ 288 ಕುಣಿಕೆಗಳಿರಲೇಬೇಕು, ಕೊನೆಯ ಉಂಗುರದಿಂದ ಆಚೆಗೆ ಹೆಣೆದ ಸುತ್ತುಗಳನ್ನು 48ರಿಂದ ಕಳೆದರೆ ಉಳಿದ ಕೆಲಸ ಗೊತ್ತಾಗುತ್ತದೆ. ಮುಂದುವರಿಸಲು ಬೇಕಾದ ಸೂಚನೆಯನ್ನು ತನ್ನ ಮೈಯಲ್ಲೇ ಬರೆದಿಟ್ಟುಕೊಂಡ ವಿನ್ಯಾಸ ಇದು. ನಿಂತು ಮುಂದುವರಿಯುವ ಬದುಕುಗಳಿಗೆ ಇದಕ್ಕಿಂತ ಉದಾರವಾದ ಮಾದರಿ ಹೆಣಿಗೆಯಲ್ಲಿ ಹೆಚ್ಚಿಲ್ಲ.

ಜಾಗ ಸಿಕ್ಕಿದ ಮೇಲೆ ಬರುವ ಪ್ರಶ್ನೆ ಬಿಗಿಯದು. ಒಂದು ನಿರ್ದಿಷ್ಟ ಅಳತೆಯ ಬಟ್ಟೆಯಲ್ಲಿ, ಸಾಮಾನ್ಯವಾಗಿ 10 ಸೆಂಟಿಮೀಟರಿನಲ್ಲಿ, ಎಷ್ಟು ಕುಣಿಕೆಗಳು ಮತ್ತು ಎಷ್ಟು ಸಾಲುಗಳು ಬರುತ್ತವೆ ಎಂಬ ಲೆಕ್ಕಕ್ಕೆ ಹೆಣಿಗೆಯ ಬಿಗಿ ಎನ್ನುತ್ತಾರೆ. ಮಧ್ಯಮ ದಪ್ಪದ ಉಣ್ಣೆಯನ್ನು 4 ಮಿಲಿಮೀಟರಿನ ಕಡ್ಡಿಯಲ್ಲಿ ಹೆಣೆದಾಗ 22 ಕುಣಿಕೆ, ಸುಮಾರು 30 ಸಾಲುಗಳು ಬರುವುದು ರೂಢಿಯ ಅಳತೆ. ಒಂದೇ ವ್ಯಕ್ತಿಯ ಕೈ ನವೆಂಬರಿನಲ್ಲಿ ಮತ್ತು ಮಾರ್ಚಿಯಲ್ಲಿ ಒಂದೇ ಬಿಗಿಯಲ್ಲಿ ಹೆಣೆಯುತ್ತದೆ ಎಂದು ಭಾವಿಸುವುದು ತಪ್ಪು. ಅಭ್ಯಾಸ ತಪ್ಪಿದ ಕೈ, ಆಯಾಸಗೊಂಡ ಕೈ, ಮರದ ಕಡ್ಡಿಯ ಬದಲು ಲೋಹದ ಕಡ್ಡಿ ಹಿಡಿದ ಕೈ ಬೇರೆ ಬೇರೆ ಬಿಗಿಯನ್ನು ಕೊಡುತ್ತವೆ. ವ್ಯತ್ಯಾಸ ಸಣ್ಣದಾಗಿ ಕಂಡರೂ ಪರಿಣಾಮ ದೊಡ್ಡದು: 22ರ ಲೆಕ್ಕದಲ್ಲಿ 220 ಕುಣಿಕೆಗಳು 100 ಸೆಂಟಿಮೀಟರಿನ ಎದೆಸುತ್ತಳತೆಯನ್ನು ಕೊಟ್ಟರೆ, ಕೈ ಸಡಿಲಾಗಿ 20ಕ್ಕೆ ಇಳಿದಾಗ ಅದೇ 220 ಕುಣಿಕೆಗಳು 110 ಸೆಂಟಿಮೀಟರಾಗುತ್ತವೆ. ಆದ್ದರಿಂದ ಮರಳಿದವರು ನೇರವಾಗಿ ಸ್ವೆಟರಿಗೆ ಕೈಹಾಕದೆ, ಅದೇ ನೂಲಿನ ಸಣ್ಣ ಮಾದರಿ ತುಂಡೊಂದನ್ನು ಹೆಣೆದು, ಹಳೆಯ ಭಾಗವನ್ನು ತೊಳೆಯಲಾಗಿದ್ದರೆ ಅದನ್ನೂ ತೊಳೆದು ಒಣಗಿಸಿ, ಎರಡನ್ನೂ ಅಳತೆಪಟ್ಟಿಯಡಿ ಹೋಲಿಸುವುದು ವಿವೇಕ. ಕೈ ಸಡಿಲವಾಗಿದ್ದರೆ ಒಂದು ಅಳತೆ ಸಣ್ಣ ಕಡ್ಡಿ, ಬಿಗಿಯಾಗಿದ್ದರೆ ಒಂದು ಅಳತೆ ದೊಡ್ಡ ಕಡ್ಡಿ ಹಿಡಿಯಬೇಕಾಗುತ್ತದೆ.

ಕಡ್ಡಿಯ ಅಳತೆಯಲ್ಲೂ ಎಚ್ಚರ ಬೇಕು. ಬ್ರಿಟನ್ನಿನ ಹಳೆಯ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳ್ಳಗಾಗುತ್ತದೆ: 8ನೇ ನಂಬರಿನ ಕಡ್ಡಿ 4 ಮಿಲಿಮೀಟರು, 10ನೇ ನಂಬರಿನದು 3.25 ಮಿಲಿಮೀಟರು. ಅಮೆರಿಕದ ಕ್ರಮದಲ್ಲಿ ಸಂಖ್ಯೆಯೊಡನೆ ದಪ್ಪವೂ ಹೆಚ್ಚುತ್ತದೆ, ಅಲ್ಲಿಯ 8 ಎಂದರೆ 5 ಮಿಲಿಮೀಟರು. ಭಾರತದ ಅಂಗಡಿಗಳಲ್ಲಿ ಬಹುಕಾಲದಿಂದ ಮಾರಾಟವಾಗುತ್ತಿರುವ ಕಡ್ಡಿಗಳು ಬ್ರಿಟನ್ನಿನ ಕ್ರಮವನ್ನೇ ಅನುಸರಿಸಿವೆ. ಅಮೆರಿಕದಲ್ಲಿ ನೆಲೆಸಿದ ಮಗಳ ಮನೆಗೆ ಹೋದ ಕನ್ನಡದ ತಾಯಿಯೊಬ್ಬರು ಊರಿನಿಂದ ಒಯ್ದ ಕೆಲಸವನ್ನು ಅಲ್ಲಿ ಕೊಂಡ ‘ಎಂಟನೇ ನಂಬರಿನ’ ಕಡ್ಡಿಯಿಂದ ಮುಂದುವರಿಸಿದರೆ ಬಟ್ಟೆ ಜಾಳಾಗುವುದು ಖಂಡಿತ. ಮಿಲಿಮೀಟರಿನ ಅಳತೆಯೊಂದೇ ಎಲ್ಲೆಡೆ ಒಂದೇ ಅರ್ಥ ಕೊಡುತ್ತದೆ.

ನೂಲು ಸಾಲದೆ ಬಂದಾಗ ಬಣ್ಣದ ತೊಡಕು ಎದುರಾಗುತ್ತದೆ. ನೂಲನ್ನು ಬಣ್ಣದ ತೊಟ್ಟಿಯಲ್ಲಿ ಕಂತುಕಂತಾಗಿ ಅದ್ದುವುದರಿಂದ ಒಂದು ಕಂತಿಗೂ ಇನ್ನೊಂದು ಕಂತಿಗೂ ಸೂಕ್ಷ್ಮ ವ್ಯತ್ಯಾಸ ಉಳಿಯುತ್ತದೆ, ಅದನ್ನು ಗುರುತಿಸಲೆಂದೇ ಉಂಡೆಯ ಪಟ್ಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಕಂತಿನ ಸಂಖ್ಯೆಯನ್ನೂ ಮುದ್ರಿಸುತ್ತಾರೆ. ಚಳಿಗಾಲದಲ್ಲಿ ಕೊಂಡ ಕಂತು ವಸಂತದಲ್ಲಿ ಅಂಗಡಿಯಲ್ಲಿ ಸಿಗದಿರುವ ಸಂಭವವೇ ಹೆಚ್ಚು. ಹೊಸ ಕಂತಿನ ಉಂಡೆಯನ್ನು ಒಮ್ಮೆಗೇ ಜೋಡಿಸಿದರೆ ಬಟ್ಟೆಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಹಳೆಯ ಉಂಡೆಯಿಂದ ಎರಡು ಸಾಲು, ಹೊಸದರಿಂದ ಎರಡು ಸಾಲು ಎಂಬಂತೆ ಕೆಲವು ಅಂಗುಲಗಳ ತನಕ ಬದಲಿಸುತ್ತ ಹೆಣೆದರೆ ಕಣ್ಣು ಆ ವ್ಯತ್ಯಾಸವನ್ನು ಗುರುತಿಸದು.

ಉಣ್ಣೆಗೆ ಇನ್ನೊಂದು ಶತ್ರು ಹುಳು. ಟಿನಿಯೋಲಾ ಬಿಸ್ಸೆಲಿಯೆಲ್ಲಾ ಎಂಬ ಸಣ್ಣ ಪತಂಗದ ಮರಿಹುಳುಗಳು ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ಅರಗಿಸಿಕೊಳ್ಳಬಲ್ಲವು. ಕತ್ತಲು, ಅಲುಗಾಡದ ಜಾಗ, ಬೆವರು ಅಥವಾ ಆಹಾರದ ಕಲೆಯಿರುವ ಉಣ್ಣೆ ಅವುಗಳಿಗೆ ಪ್ರಿಯ, ಮರೆತ ಚೀಲವೊಂದು ಈ ಎಲ್ಲವನ್ನೂ ಒದಗಿಸುತ್ತದೆ. ಶಂಕೆಯಿದ್ದರೆ ಕೆಲಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಚೀಲವನ್ನು ಬಿಚ್ಚದಿರುವುದು ವಸ್ತುಸಂಗ್ರಹಾಲಯಗಳೂ ಅನುಸರಿಸುವ ಕ್ರಮಕ್ಕೆ ಹತ್ತಿರವಾದುದು. ಕನ್ನಡನಾಡಿನ ಮನೆಗಳಲ್ಲಿ ರೇಷ್ಮೆ ಮತ್ತು ಉಣ್ಣೆ ಬಟ್ಟೆಗಳ ನಡುವೆ ಬಜೆ, ಲಾವಂಚ, ಬೇವಿನೆಲೆ ಇಡುವ ಪದ್ಧತಿ ಹಳೆಯದು. ಈಗಾಗಲೇ ಒಳಸೇರಿದ ಹುಳುವನ್ನು ಕೊಲ್ಲಲು ವಾಸನೆಯೊಂದೇ ಸಾಲದು. ಇಲ್ಲಿಯ ಸಾಮಾನ್ಯ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವ ದಾರ ಬಹುಮಟ್ಟಿಗೆ ಅಕ್ರಿಲಿಕ್ ಆಗಿರುವುದರಿಂದ ಅದಕ್ಕೆ ಈ ಹುಳುವಿನ ಭಯ ಅಷ್ಟಾಗಿ ಇಲ್ಲ.

ಎಲ್ಲ ಅಪೂರ್ಣ ಕೆಲಸಗಳೂ ಮುಂದುವರಿಕೆಗೆ ಯೋಗ್ಯವಲ್ಲ. ಮಗುವಿಗೆಂದು ಆರಂಭಿಸಿದ ಸ್ವೆಟರು ಮಗು ಬೆಳೆದ ಮೇಲೆ ಅಳತೆ ಮೀರಿರುತ್ತದೆ, ಕೆಲವು ಮಾದರಿಗಳು ನೂಲಿಗೆ ಒಗ್ಗಿರುವುದಿಲ್ಲ. ಅಂತಹವನ್ನು ಬಿಚ್ಚಿಬಿಡುವುದೂ ಮರಳುವಿಕೆಯ ಗೌರವಯುತ ರೂಪವೇ, ಏಕೆಂದರೆ ನೇಯ್ದ ಬಟ್ಟೆಗಿಲ್ಲದ ಒಂದು ಸೌಲಭ್ಯ ಹೆಣೆದ ಬಟ್ಟೆಗಿದೆ, ಅದರ ನೂಲು ಪೂರ್ತಿಯಾಗಿ ಹಿಂದಕ್ಕೆ ಸಿಗುತ್ತದೆ. ಬಿಚ್ಚಿದ ನೂಲು ಕುಣಿಕೆಗಳ ಆಕಾರವನ್ನು ನೆನಪಿಟ್ಟುಕೊಂಡು ಸುರುಳಿಯಾಗಿರುವುದರಿಂದ ಅದನ್ನು ಲಡಿಯಾಗಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ತೂಗುಹಾಕಿ ಒಣಗಿಸಿದ ಮೇಲೆಯೇ ಬಳಸಬೇಕು. ಕೆಲವೇ ಸಾಲುಗಳನ್ನು ಬಿಚ್ಚಬೇಕಾದಾಗ, ತಪ್ಪಿಲ್ಲದ ಸಾಲಿನ ಎಲ್ಲ ಕುಣಿಕೆಗಳೊಳಗೆ ತೆಳುವಾದ ಬೇರೆ ಬಣ್ಣದ ದಾರವನ್ನು ಸೂಜಿಯಿಂದ ಪೋಣಿಸಿಟ್ಟರೆ ಬಿಚ್ಚುವಿಕೆ ಅಲ್ಲಿಗೆ ತಾನಾಗಿ ನಿಲ್ಲುತ್ತದೆ. ಹೆಣೆಯುವವರು ಇದನ್ನು ಜೀವದಾರ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ, ಜಾಲಂಧ್ರದಂತಹ ಸೂಕ್ಷ್ಮ ಶಾಲುಗಳಲ್ಲಿ ಇದಿಲ್ಲದೆ ಮುಂದುವರಿಯುವುದು ದುಡುಕು. ತಿಂಗಳುಗಟ್ಟಲೆ ಕಡ್ಡಿಯ ಮೇಲೆಯೇ ಉಳಿದ ಸಾಲು ಹಿಗ್ಗಿ ಗೆರೆಯಾಗಿ ಕಂಡರೆ ಆ ಒಂದು ಸಾಲನ್ನು ಬಿಚ್ಚಿ ಹೊಸದಾಗಿ ಹೆಣೆಯುವುದು ಉತ್ತಮ.

ವಸಂತದಲ್ಲಿ ಮರಳುವವರಲ್ಲಿ ಕೆಲವರು ಉಣ್ಣೆಯನ್ನು ಬದಿಗಿಟ್ಟು ಹತ್ತಿ, ಅಗಸೆನಾರು, ರೇಷ್ಮೆಗಳತ್ತ ಹೊರಳುತ್ತಾರೆ. ಇದನ್ನು ಹೆಣಿಗೆಯ ಮೂಲಸ್ವಭಾವದಿಂದ ದೂರ ಸರಿಯುವುದೆಂದು ತಿಳಿಯಬಾರದು. ಇಂದಿಗೆ ಉಳಿದಿರುವ ಕಡ್ಡಿಗಳಿಂದ ಮಾಡಿದ ಅತ್ಯಂತ ಹಳೆಯ ಹೆಣಿಗೆಯ ತುಣುಕುಗಳಲ್ಲಿ ಈಜಿಪ್ಟಿನಲ್ಲಿ ದೊರೆತ, 11ರಿಂದ 14ನೇ ಶತಮಾನಗಳ ನಡುವಿನವೆಂದು ಎಣಿಸಲಾಗುವ, ಬಿಳಿ ಮತ್ತು ನೀಲಿ ಹತ್ತಿಯ ಕಾಲುಚೀಲಗಳೇ ಮುಖ್ಯವಾದವು. ಆದರೆ ಉಣ್ಣೆಯ ಮಾದರಿಯನ್ನು ಹತ್ತಿಯಲ್ಲಿ ಹಾಗೆಯೇ ಮುಂದುವರಿಸಲಾಗದು. ಉಣ್ಣೆಯ ಎಳೆ ಸಹಜವಾಗಿ ಅಲೆಅಲೆಯಾಗಿದ್ದು ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುತ್ತದೆ, ಹತ್ತಿಗೆ ಈ ಗುಣವಿಲ್ಲ; ಮುಂಗೈಯಲ್ಲಿ ಬಿಗಿಯಾಗಿ ಕೂರಬೇಕಾದ ಪಟ್ಟಿ ಹತ್ತಿಯಲ್ಲಿ ಕೆಲವೇ ಬಾರಿ ತೊಟ್ಟ ಮೇಲೆ ಸಡಿಲವಾಗುತ್ತದೆ, ಬಟ್ಟೆ ತನ್ನ ಭಾರಕ್ಕೇ ಕೆಳಕ್ಕೆ ಜೋಲುತ್ತದೆ. ಹತ್ತಿಯ ಈ ಬಿಗುಸ್ವಭಾವ ಕ್ರೋಶಾಕ್ಕೆ ಮಾತ್ರ ಅನುಕೂಲ, ಏಕೆಂದರೆ ಅಲ್ಲಿ ಬೇಕಾದ್ದು ಹಿಗ್ಗುವಿಕೆಯಲ್ಲ, ಆಕಾರದ ಸ್ಪಷ್ಟತೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಕಂಡುಕೊಂಡ, ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಸಂಸ್ಕರಿಸುವ ವಿಧಾನ ಮುಂದೆ ಸುಧಾರಿಸಿ ಹೊಳಪುಳ್ಳ ಗಟ್ಟಿ ದಾರವನ್ನು ಕೊಟ್ಟಿತು. ಇಂದು ಕ್ರೋಶಾಕ್ಕೆ ಬಳಸುವ ಹತ್ತಿಯ ದಾರ ಹೆಚ್ಚಾಗಿ ಅದೇ.

ಕ್ರೋಶಾ ನಡುವೆ ನಿಲ್ಲಿಸಲು ಸುಲಭವಾದ ಕೆಲಸವಾಗಿರುವುದಕ್ಕೆ ಸಾಮಾಜಿಕ ಮುಖವೂ ಇದೆ. ಆಂಧ್ರದ ಗೋದಾವರಿ ಮುಖಜಭೂಮಿಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಬೇರೂರಿದ ಕ್ರೋಶಾ ಲೇಸು ಮುಂದೆ ರಫ್ತಿನ ಉದ್ಯಮವಾಯಿತು. ಸಮಾಜವಿಜ್ಞಾನಿ ಮರಿಯಾ ಮೀಸ್ 1982ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಅಲ್ಲಿನ ಹೆಂಗಸರು ದಿನದ ಹಲವು ಗಂಟೆಗಳನ್ನು ಇದಕ್ಕೆ ಕೊಟ್ಟರೂ ಅದು ಗೃಹಿಣಿಯರ ಬಿಡುವಿನ ಕೆಲಸವೆಂದೇ ಪರಿಗಣಿತವಾಗಿ ಕೂಲಿ ತೀರ ಕೆಳಮಟ್ಟದಲ್ಲಿ ಉಳಿಯಿತು. ಒಲೆಯ ಮೇಲಿನ ಪಾತ್ರೆಗೂ ಅಳುವ ಮಗುವಿಗೂ ನಡುವೆ ಕೊಕ್ಕೆಯನ್ನು ಕೆಳಗಿಟ್ಟು ಮತ್ತೆ ಎತ್ತಿಕೊಳ್ಳಬಹುದಾದ ಕೆಲಸವನ್ನು ಕೆಲಸವೇ ಅಲ್ಲವೆಂದು ಎಣಿಸುವುದು ಎಷ್ಟು ಸುಲಭವೆಂಬುದಕ್ಕೆ ಆ ಅಧ್ಯಯನ ಸಾಕ್ಷಿ. ಹವ್ಯಾಸವಾಗಿ ಮರಳುವವರ ಬಿಡುವನ್ನೂ ಜೀವನೋಪಾಯಕ್ಕಾಗಿ ಹೆಣೆಯುವವರ ದುಡಿಮೆಯನ್ನೂ ಒಂದೇ ಮಾತಿನಲ್ಲಿ ಹೇಳುವುದು ಸರಿಯಲ್ಲ.

ಕರ್ನಾಟಕದಲ್ಲಿ ವಸಂತದ ಲೆಕ್ಕಾಚಾರವೇ ಬೇರೆ. ಬೆಂಗಳೂರಿನ ಅತಿ ಚಿಕ್ಕ ಹಗಲೂ 11 ಗಂಟೆಗಳನ್ನು ಮೀರುವುದರಿಂದ ಇಲ್ಲಿ ಬದಲಾಗುವುದು ಬೆಳಕಲ್ಲ, ಬಿಸಿ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಓಡಿಹೋಗುತ್ತದೆಂಬ ಮಾತಿನಂತೆ ಆ ಹೊತ್ತಿಗೆ ಮಡಿಲಲ್ಲಿ ಸ್ವೆಟರಿಟ್ಟುಕೊಂಡು ಕೂರುವುದು ಮಡಿಕೇರಿ, ಚಿಕ್ಕಮಗಳೂರಿನ ಕಡೆಯಲ್ಲದೆ ಬೇರೆಡೆ ಅಹಿತವಾಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಇಲ್ಲಿಯ ಕೈಗಳಿಗೆ ಒಗ್ಗುವುದು ಬಾಗಿಲ ತೋರಣ, ಮೇಜಿನ ಹೊದಿಕೆಗಳಂತಹ ದಾರದ ಕ್ರೋಶಾ ಕೆಲಸ, ಅದರಲ್ಲೂ ಸಣ್ಣ ಸಣ್ಣ ಹೂಗಳನ್ನು ಬಿಡಿಬಿಡಿಯಾಗಿ ಹೆಣೆದು ಕೊನೆಗೆ ಜೋಡಿಸುವ ತೋರಣ, ಏಕೆಂದರೆ ಅದನ್ನು ಯಾವ ಹೂವಿನ ಬಳಿ ನಿಲ್ಲಿಸಿದರೂ ಲೆಕ್ಕ ಕೆಡುವುದಿಲ್ಲ. ಹಳೆಯ ತೋರಣಕ್ಕೆ ಮರಳುವವರು ಗಮನಿಸಬೇಕಾದ್ದು ದಾರದ ನಂಬರನ್ನು, 20ಕ್ಕಿಂತ 40 ತೆಳು, 40ಕ್ಕಿಂತ 60 ತೆಳು ಎಂಬುದನ್ನು. ಹೊಸ ಹೂವೊಂದನ್ನು ಹಳೆಯದರ ಮೇಲಿಟ್ಟು ಸುತ್ತಳತೆ ಹೋಲಿಸಿ, ಎರಡೂ ಕಾಲದ ಹೂಗಳನ್ನು ಒಟ್ಟಿಗೆ ತೊಳೆದು, ತೆಳು ಗಂಜಿಯಲ್ಲಿ ಅದ್ದಿ, ಹಲಗೆಯ ಮೇಲೆ ಗುಂಡುಸೂಜಿಗಳಿಂದ ಒಂದೇ ಅಳತೆಗೆ ಹರಡಿ ಒಣಗಿಸಿದ ನಂತರ ಜೋಡಿಸಿದರೆ, ಹಳೆಯ ಹೂಗಳೂ ಹೊಸವೂ ಒಂದೇ ಅಳತೆಗೆ ಕೂಡಿ ತೋರಣ ಸೊಟ್ಟಗಾಗದೆ ಬಾಗಿಲಿಗೆ ಏರುತ್ತದೆ.